ರಾಬರ್ಟೊ ಕ್ಲೆಮೆಂಟೆ: ಆಟವೂ ಬಾಳೂ

ಕೀರ್ತಿಯು ಎರಡು ಬಗೆಯದು. ಕೈಯ ಕೌಶಲದಿಂದ ದೊರೆಯುವುದು ಒಂದು. ಹಾಗೆ ದೊರೆತ ಹೆಸರನ್ನು ಪರರ ಕಷ್ಟಕ್ಕೆ ಮುಡಿಪಾಗಿಸುವುದರಿಂದ ಬರುವುದು ಮತ್ತೊಂದು. ಮೊದಲನೆಯದು ಅನೇಕರಿಗೆ ಲಭಿಸುತ್ತದೆ. ಎರಡೂ ಒಬ್ಬರಲ್ಲಿಯೇ ಕೂಡಿಬರುವುದು ವಿರಳ. ಅಂಥ ವಿರಳರಲ್ಲಿ ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆಯವರು ಒಬ್ಬರು.

1934ರ ಆಗಸ್ಟ್ 18ರಂದು ಪೋರ್ಟೊ ರಿಕೊ ದ್ವೀಪದ ಕೆರೊಲಿನಾದಲ್ಲಿ ಅವರ ಜನನ. ತಂದೆ ಕಬ್ಬಿನ ಗದ್ದೆಗಳಲ್ಲಿ ಮೇಸ್ತ್ರಿ. ತುಂಬು ಸಂಸಾರದ ಕಿರಿಯ ಮಗ. 1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಅವರನ್ನು ಸೇರಿಸಿಕೊಂಡು ಮಾಂಟ್ರಿಯಲ್ ತಂಡಕ್ಕೆ ಕಳುಹಿಸಿತಾದರೂ ಅಲ್ಲಿ ಆಡುವ ಅವಕಾಶ ಅಪರೂಪವಾಗಿತ್ತು. ಆ ವರ್ಷಾಂತ್ಯದಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರನ್ನು ಆರಿಸಿಕೊಂಡಿತು. 1955ರಿಂದ 1972ರವರೆಗೆ ಹದಿನೆಂಟು ಋತುಗಳು ಆ ಒಂದೇ ತಂಡಕ್ಕಾಗಿ ಅವರು ಆಡಿದರು.

ಎಸೆದ ಚೆಂಡನ್ನು ದಾಂಡಿನಿಂದ ಹೊಡೆದು ಸುರಕ್ಷಿತವಾಗಿ ಮೊದಲ ನೆಲೆಯನ್ನಾದರೂ ಮುಟ್ಟಿದರೆ ಅದನ್ನು ‘ಹಿಟ್’ ಎನ್ನುವರು. ಹತ್ತು ಪ್ರಯತ್ನಗಳಲ್ಲಿ ಮೂರು ಹಿಟ್ ಗಳಿಸುವವನು ಆ ಆಟದಲ್ಲಿ ಸಮರ್ಥ ದಾಂಡಿಗ. ಕ್ಲೆಮೆಂಟೆಯವರ ಜೀವಮಾನದ ಸರಾಸರಿ ಸಾವಿರಕ್ಕೆ 317. ನಾಲ್ಕು ಬಾರಿ ಅವರು ತಮ್ಮ ಲೀಗಿನ ಅಗ್ರ ದಾಂಡಿಗರಾದರು. ಬಲ ಅಂಗಳದ ಅಂಚಿನಿಂದ ಅವರು ಎಸೆದ ಚೆಂಡು ಬಾಣದಂತೆ ಬರುತ್ತಿತ್ತು. ಕ್ಷೇತ್ರರಕ್ಷಣೆಗಾಗಿ ಹನ್ನೆರಡು ಸಲ ಚಿನ್ನದ ಕೈಗವಸಿನ ಪ್ರಶಸ್ತಿ ಅವರಿಗೆ ಸಂದಿತು.

ಆದರೆ ಈ ಯಶಸ್ಸಿನ ಹಾದಿ ಹೂವಿನದಾಗಿರಲಿಲ್ಲ. ಮೈಬಣ್ಣ ಕಪ್ಪು, ಮಾತೃಭಾಷೆ ಸ್ಪ್ಯಾನಿಷ್. ಫ್ಲಾರಿಡಾದ ತರಬೇತಿಯ ದಿನಗಳಲ್ಲಿ ಬಿಳಿಯ ಜೊತೆಗಾರರು ತಂಗುವ ವಸತಿಗೃಹದಲ್ಲಿ ಅವರಿಗೆ ಎಡೆಯಿರಲಿಲ್ಲ. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಪತ್ರಕರ್ತರು ವಕ್ರಾಕ್ಷರಗಳಲ್ಲಿ ಅಚ್ಚುಮಾಡಿ ನಗೆಗೀಡುಮಾಡುತ್ತಿದ್ದರು. ರಾಬರ್ಟೊ ಎಂಬ ಹೆಸರನ್ನೂ ಮೊಟಕುಗೊಳಿಸಿ ‘ಬಾಬ್’ ಎಂದು ಕರೆದರು. ತಾಯ್ತಂದೆಗಳು ಇಟ್ಟ ಹೆಸರೇ ತಮ್ಮದೆಂದು ಅವರು ಕೊನೆಯವರೆಗೂ ಸಾಧಿಸಿದರು. 1971ರ ವಿಶ್ವಸರಣಿಯಲ್ಲಿ ಸರಣಿಶ್ರೇಷ್ಠರಾದಾಗ, ದೂರದರ್ಶನದ ಮುಂದೆ ಇಂಗ್ಲಿಷಿನಲ್ಲಿ ಉತ್ತರಿಸುವ ಮುನ್ನ ಸ್ಪ್ಯಾನಿಷಿನಲ್ಲಿ ತಂದೆತಾಯಿಗಳ ಆಶೀರ್ವಾದ ಬೇಡಿದರು. ಭಾಷಾಭಿಮಾನಕ್ಕೆ ಇದಕ್ಕಿಂತ ಸೌಮ್ಯವಾದ, ದೃಢವಾದ ನಿದರ್ಶನ ಬೇಕಿಲ್ಲ.

1972ರ ಸೆಪ್ಟೆಂಬರ್ 30ರಂದು ಅವರು 3000ನೆಯ ಹಿಟ್ ಗಳಿಸಿದರು. ಲೀಗ್ ಪಂದ್ಯಗಳಲ್ಲಿ ಅದೇ ಅವರ ಕೊನೆಯ ಹಿಟ್ ಆಯಿತು. ಆ ಡಿಸೆಂಬರ್ 23ರಂದು ನಿಕರಾಗುವಾದ ರಾಜಧಾನಿ ಮನಾಗ್ವಾ ಭೂಕಂಪಕ್ಕೆ ಸಿಲುಕಿ ಸಾವಿರಾರು ಜನ ಮಡಿದರು. ಕೆಲವೇ ವಾರಗಳ ಹಿಂದೆ ಕ್ಲೆಮೆಂಟೆಯವರು ಹವ್ಯಾಸಿ ತಂಡವೊಂದನ್ನು ಆ ನಗರಕ್ಕೆ ಕರೆದೊಯ್ದಿದ್ದರು. ಅಲ್ಲಿನ ಜನ ಅವರಿಗೆ ಪರಿಚಿತರು. ತಾವೇ ಮುಂದಾಗಿ ಅನ್ನ, ಔಷಧ, ವಸ್ತ್ರಗಳನ್ನು ಸಂಗ್ರಹಿಸಿದರು. ಕಳುಹಿಸಿದ ಸಾಮಗ್ರಿ ಸಂತ್ರಸ್ತರಿಗೆ ತಲುಪದೆ ಸೈನಿಕರ ಪಾಲಾಗುತ್ತಿದೆಯೆಂಬ ಸುದ್ದಿ ಬಂದಾಗ, ತಾವು ಜೊತೆಯಲ್ಲಿದ್ದರೆ ಹಾಗಾಗದೆಂದು ಬಗೆದು ಸ್ವತಃ ಹೊರಟರು. ಡಿಸೆಂಬರ್ 31ರ ರಾತ್ರಿ, ಮಿತಿಮೀರಿ ಭಾರ ಹೇರಿದ್ದ ಹಳೆಯ ವಿಮಾನ ಸಾನ್ ಹ್ವಾನ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಕಡಲಿಗೆ ಬಿದ್ದಿತು. ಒಳಗಿದ್ದ ಐವರೂ ಅಸುನೀಗಿದರು. ಮೂವತ್ತೆಂಟರ ಕ್ಲೆಮೆಂಟೆಯವರ ದೇಹ ಸಿಗಲೇ ಇಲ್ಲ.

ನಿವೃತ್ತಿಯ ಅನಂತರ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಬದಿಗಿರಿಸಿ 1973ರಲ್ಲಿ ಅವರನ್ನು ಬೇಸ್‌ಬಾಲಿನ ಕೀರ್ತಿಭವನಕ್ಕೆ ಸೇರಿಸಿದರು. ಸಮಾಜಸೇವೆ ಮಾಡಿದ ಆಟಗಾರನಿಗೆ ವರ್ಷವರ್ಷವೂ ಸಲ್ಲುವ ಪ್ರಶಸ್ತಿಗೆ ಅದೇ ವರ್ಷ ಅವರ ಹೆಸರಿಟ್ಟರು. ಆದರೆ ಕೀರ್ತಿಭವನದ ಫಲಕದಲ್ಲಿಯೂ ತಾಯಿಯ ಮನೆತನದ ಹೆಸರು ತಪ್ಪಾದ ಸ್ಥಾನದಲ್ಲಿ ಕೆತ್ತಲ್ಪಟ್ಟಿತ್ತು. 2000ದಲ್ಲಿ ಅದನ್ನು ಬದಲಿಸಿ, ಸ್ಪ್ಯಾನಿಷ್ ಸಂಪ್ರದಾಯದಂತೆ ‘ರಾಬರ್ಟೊ ಕ್ಲೆಮೆಂಟೆ ವಾಕರ್’ ಎಂದು ಬರೆಯಿಸಿದರು.

ಹೊಡೆತಗಳ ಲೆಕ್ಕವನ್ನು ಇನ್ನೊಬ್ಬರು ಮೀರಬಹುದು, ಮೀರಿಯೂ ಇದ್ದಾರೆ. ಹಸಿದವರ ಪಾಲು ಹಸಿದವರಿಗೇ ಸೇರಲೆಂದು ತಾನೇ ಎದ್ದು ಹೊರಟ ಆ ಹೆಜ್ಜೆಯನ್ನು ಯಾವ ಅಂಕಿಯೂ ಅಳೆಯಲಾರದು. ಮೈದಾನದಲ್ಲಿ ಬೆಳೆಯುವ ಮಕ್ಕಳು ಈ ಎರಡನ್ನೂ ಕಲಿತರೆ ಆಟವೂ ವಿದ್ಯೆಯೇ ಆಗುತ್ತದೆ.