ಹಳೆಯ ಪೆಟ್ರೋಲ್ ಪಿಕಪ್ಪಿಗೆ ಕಾರ್ಬೊರೇಟರ್ ಮತ್ತು ಗಾಳಿ ದಾರಿ: ಹಂತ ಹಂತವಾಗಿ

ಇಂದಿನ ಪಿಕಪ್ಪುಗಳು ಬಹುಪಾಲು ಡೀಸೆಲ್ಲಿನವು, ಅವಕ್ಕೆ ಕಾರ್ಬೊರೇಟರೇ ಇಲ್ಲ. ಈ ಬರಹ ಇರುವುದು ಮಹೀಂದ್ರ 1965ರಲ್ಲಿ ತಂದ ಎಫ್‌ಸಿ-150 ಪೆಟ್ರೋಲ್ ಪಿಕಪ್ ಅಥವಾ ಅದೇ ಕಾಲದ ಪೆಟ್ರೋಲ್ ಜೀಪನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿರುವವರಿಗೆ. ಎರಡರಲ್ಲೂ ಇರುವುದು ವಿಲ್ಲೀಸ್ ವಿನ್ಯಾಸದ 2.2 ಲೀಟರಿನ ಹರಿಕೇನ್ ಎಫ್-134 ಎಂಜಿನ್. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ತಿರುವು ಹತ್ತುವಾಗ, ಇಲ್ಲವೇ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಾಗ ಗಾಡಿ ಎಳೆಯುತ್ತಿಲ್ಲವೆಂದರೆ ಎಂಜಿನ್ ಬಿಚ್ಚುವ ಮೊದಲು ಅದರ ಉಸಿರಾಟ ನೋಡಿ.

ದೊಡ್ಡ ಕಾರ್ಬೊರೇಟರ್ ಹಾಕಿಸಿ ಎಂದು ಹೇಳುವವರು ಸಿಗುತ್ತಾರೆ. ಹಾಕಿಸಬೇಡಿ. ಈ ಎಂಜಿನ್ನಿನ ಎಳೆತ ಅತಿ ಹೆಚ್ಚು ಇರುವುದು ಸುಮಾರು 2,000 ಆರ್‌ಪಿಎಂನಲ್ಲಿ. ಘಾಟಿ ಹತ್ತುವುದೂ ಅಲ್ಲೇ. ಒಲೆ ಊದುವ ಕೊಳವೆಯ ಬಾಯಿ ಕಿರಿದಾಗಿದ್ದರೆ ತಾನೇ ಗಾಳಿ ರಭಸವಾಗಿ ಬರುವುದು? ಕಾರ್ಬೊರೇಟರಿನ ಗಂಟಲೂ ಹಾಗೆಯೇ. ಅದನ್ನು ಅಗಲ ಮಾಡಿದರೆ ನಿಧಾನದ ಓಟದಲ್ಲಿ ಗಾಳಿಯ ವೇಗ ಇಳಿದು, ಪೆಟ್ರೋಲ್ ಸರಿಯಾಗಿ ಹುಡಿಯಾಗದೆ ಹನಿಹನಿಯಾಗಿ ಒಳಹೋಗುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಬದಲಿಸುವ ಮಾತಂತೂ ಇಲ್ಲವೇ ಇಲ್ಲ. ಈ ಎಂಜಿನ್ನಿನಲ್ಲಿ ಅದು ಸಿಲಿಂಡರ್ ಹೆಡ್ಡಿನ ಜೊತೆಗೇ ಎರಕವಾಗಿ ಬಂದಿದೆ. ನಮ್ಮ ಕೈಯಲ್ಲಿರುವುದು ಮೂರು: ಗಾಳಿ ಒಳಬರುವ ದಾರಿ, ಕಾರ್ಬೊರೇಟರಿನ ಆರೋಗ್ಯ, ಅದರ ಬುಡದ ಪ್ಯಾಕಿಂಗ್.

ಹಂತ 1: ಮೊದಲು ಸುರಕ್ಷತೆ

ಎಫ್‌ಸಿ-150ರಲ್ಲಿ ಎಂಜಿನ್ ಇರುವುದು ಕ್ಯಾಬಿನ್ನಿನೊಳಗೆ, ಎರಡು ಸೀಟುಗಳ ನಡುವಿನ ಮುಚ್ಚಳದ ಕೆಳಗೆ. ಅಲ್ಲಿ ಪೆಟ್ರೋಲ್ ಚೆಲ್ಲಿದರೆ ಆವಿ ಕ್ಯಾಬಿನ್ನಿನಲ್ಲೇ ನಿಲ್ಲುತ್ತದೆ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಎರಡೂ ಬಾಗಿಲು ತೆಗೆದಿಡಿ, ಎಂಜಿನ್ ಪೂರ್ತಿ ಆರಲಿ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಬೀಡಿ, ಸಿಗರೇಟು ಸೇದುವವರು ಹತ್ತಿರ ಸುಳಿಯಬಾರದು.

ಹಂತ 2: ತಪ್ಪು ಕಾರ್ಬೊರೇಟರಿನದೇ ಹೌದೇ?

ಕಾರ್ಬೊರೇಟರಿನ ತಲೆಗೆ ಕಟ್ಟುವ ಎಷ್ಟೋ ದೂರುಗಳು ಇಗ್ನಿಷನ್ನಿನವು. ಪಾಯಿಂಟ್ ಗ್ಯಾಪ್ 0.5 ಮಿ.ಮೀ., ಪ್ಲಗ್ ಗ್ಯಾಪ್ 0.75 ಮಿ.ಮೀ., ಟೈಮಿಂಗ್ ಪಿಸ್ಟನ್ ಮೇಲ್ತುದಿ (ಟಿಡಿಸಿ) ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ. ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ ಇನ್‌ಲೆಟ್ಟಿಗೆ 18 ಥೌ, ಎಕ್ಸಾಸ್ಟಿಗೆ 16 ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ). ಇವೆಲ್ಲ ಸರಿಯಾದ ಮೇಲೂ ಗಾಡಿ ಮಿಸ್ ಹೊಡೆಯುತ್ತಿದ್ದರೆ ಮಾತ್ರ ಮುಂದೆ ಹೋಗಿ.

ಹಂತ 3: ಗಾಳಿ ದಾರಿ

ಹೆಚ್ಚು ಲಾಭ ಸಿಗುವುದು ಇಲ್ಲಿಯೇ, ಖರ್ಚೂ ಕಡಿಮೆ. ಕರಿಕಲ್ಲು ಕ್ವಾರಿಯ ಧೂಳು, ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಣೆ ಮಾಡುವಾಗ ಏಳುವ ಹೊಟ್ಟು ನಮ್ಮ ಕಡೆಯ ಫಿಲ್ಟರುಗಳಿಗೆ ತಪ್ಪಿದ್ದಲ್ಲ. ಹಳೆಯ ಗಾಡಿಯಲ್ಲಿರುವುದು ಆಯಿಲ್ ಬಾತ್ ಫಿಲ್ಟರ್. ಅದನ್ನೇ ಉಳಿಸಿಕೊಳ್ಳುವುದಾದರೆ ಬಟ್ಟಲು ಬಿಚ್ಚಿ, ತಳದ ಕೆಸರು ತೆಗೆದು, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗುರುತಿನ ಮಟ್ಟಕ್ಕೆ ಹೊಸ ಎಂಜಿನ್ ಆಯಿಲ್ ಹಾಕಿ. ಗುರುತು ಮೀರಬೇಡಿ. ಹೆಚ್ಚಾದ ಆಯಿಲ್ಲನ್ನು ಎಂಜಿನ್ ಎಳೆದುಕೊಂಡು ಹೊಗೆ ಬಿಡುತ್ತದೆ.

ಬದಲಿಸುವ ಮನಸ್ಸಿದ್ದರೆ ಒಣ ಪೇಪರ್ ಫಿಲ್ಟರಿನ ಡಬ್ಬಿ ಕೂರಿಸಿ. ಎಂಜಿನ್ ನಿಧಾನ ಓಡುವಾಗ ಆಯಿಲ್ ಬಾತ್ ಧೂಳನ್ನು ಅಷ್ಟಾಗಿ ಹಿಡಿಯುವುದಿಲ್ಲ, ಪೇಪರ್ ಹಿಡಿಯುತ್ತದೆ. ಡಬ್ಬಿ ದೊಡ್ಡದಿರಲಿ. ಹೋಸ್ ಒಳಗೆ ತಂತಿ ಸುರುಳಿ ಇರಲೇಬೇಕು, ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಅದು ಒಳಕ್ಕೆ ಕುಗ್ಗಿ ಗಾಳಿಯನ್ನೇ ಕಟ್ಟಿಬಿಡುತ್ತದೆ. ಬಾಯಿಯನ್ನು ಎಂಜಿನ್ ಮುಚ್ಚಳದ ಹೊರಗೆ, ಚಕ್ರದ ಧೂಳು ತಾಗದ ಎತ್ತರಕ್ಕೆ ಒಯ್ಯಿರಿ. ಒಳಬರುವ ಗಾಳಿ 10 ಡಿಗ್ರಿ ತಂಪಾದರೆ ಅದರ ಸಾಂದ್ರತೆ ಸುಮಾರು ಶೇ. 3 ಹೆಚ್ಚುತ್ತದೆ. ಮುಚ್ಚಳದೊಳಗಿನ ಕಾದ ಗಾಳಿಯನ್ನೇ ಕುಡಿಯುತ್ತಿದ್ದ ಎಂಜಿನ್ನಿಗೆ ಇದು ಸಣ್ಣದಲ್ಲ.

ಹಂತ 4: ಕಾರ್ಬೊರೇಟರ್ ಇಳಿಸುವುದು

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಸೋಲೆಕ್ಸ್ 32 ಪಿಬಿಐಸಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ಪೆಟ್ರೋಲ್ ಪೈಪ್, ಚೋಕ್ ಕೇಬಲ್, ಆಕ್ಸಿಲರೇಟರ್ ರಾಡ್ ಕಳಚಿ, ಬುಡದ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ. ಎತ್ತಿದ ಕೂಡಲೇ ಹೆಡ್ಡಿನ ರಂಧ್ರಕ್ಕೆ ಶುದ್ಧ ಬಟ್ಟೆ ತುರುಕಿ. ಒಂದು ವಾಷರ್ ಒಳಗೆ ಬಿದ್ದರೆ ಹೆಡ್ ಬಿಚ್ಚಬೇಕಾದೀತು.

ಈಗ ಥ್ರಾಟಲ್ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಆಡಿದರೆ ಎಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆಯುತ್ತಿದೆ. ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲದಿರುವುದಕ್ಕೆ ಇದೇ ಕಾರಣ. ಲೇತ್ ಅಂಗಡಿಗೆ ಕೊಟ್ಟು ಬುಷ್ ಹಾಕಿಸಿ. ದೇಹವೇ ಸವೆದಿದ್ದರೆ ಅದೇ ಅಳತೆಯ ಹೊಸ ಕಾರ್ಬೊರೇಟರ್ ತನ್ನಿ.

ಹಂತ 5: ತೊಳೆದು ಕಿಟ್ ಹಾಕುವುದು

ಜೆಟ್ಟುಗಳಿಗೆ ತಂತಿ ಚುಚ್ಚಬೇಡಿ. ಕಾರ್ಬೊರೇಟರ್ ಕ್ಲೀನರ್ ಹೊಡೆದು ಕಂಪ್ರೆಸರ್ ಗಾಳಿ ಕೊಡಿ. ಸೋಲೆಕ್ಸ್ ಜೆಟ್ಟಿನ ಮೇಲಿನ ನಂಬರ್ ಎಂದರೆ ರಂಧ್ರದ ಅಳತೆಯೇ: 120 ಎಂದಿದ್ದರೆ 1.20 ಮಿ.ಮೀ. ತಂತಿಯ ಒಂದು ಗೀರು ಆ ಲೆಕ್ಕ ಕೆಡಿಸುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆತಿದೆ. ಹಳೆಯ ರಬ್ಬರ್ ಡಯಾಫ್ರಾಮ್, ಕಾರ್ಕ್ ಪ್ಯಾಕಿಂಗ್, ಪೆಟ್ರೋಲ್ ಹೋಸ್ ಅದಕ್ಕೆ ತಡೆಯುವುದಿಲ್ಲ, ಉಬ್ಬಿ ಸೀಳುತ್ತವೆ. ಎಥನಾಲ್ ತಡೆಯುವ ಕಿಟ್ ಕೇಳಿ ತನ್ನಿ. ನೀಡಲ್ ವಾಲ್ವನ್ನೂ ಜೊತೆಗೇ ಬದಲಿಸಿ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಒಳಗೆ ಪೆಟ್ರೋಲ್ ಸದ್ದು ಮಾಡಿದರೆ ತೂತಾಗಿದೆ ಎಂದರ್ಥ.

ಹಂತ 6: ಕೂರಿಸುವುದು

ಬುಡಕ್ಕೆ ಬೇಕಲೈಟ್ ಸ್ಪೇಸರ್, ಅದರ ಎರಡೂ ಬದಿಗೆ ಹೊಸ ಪ್ಯಾಕಿಂಗ್. ಏಪ್ರಿಲ್ ಬಿಸಿಲಲ್ಲಿ ಕ್ಯಾಬಿನ್ ಎಂಜಿನ್ನಿನ ಕಾವಿಗೆ ಪೆಟ್ರೋಲ್ ಕುದಿದು, ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಹೆಡ್ಡಿನ ಶಾಖ ಮೇಲೇರುವುದನ್ನು ಈ ಸ್ಪೇಸರ್ ತಗ್ಗಿಸುತ್ತದೆ. ಎತ್ತರ ಹೆಚ್ಚಾದದ್ದರಿಂದ ಆಕ್ಸಿಲರೇಟರ್ ರಾಡ್ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆಯೇ ಎಂದು ನೋಡಿ. ನಟ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಬದಿ ಬಿಗಿದರೆ ಬುಡ ಸೊಟ್ಟಗಾಗುತ್ತದೆ.

ಹಂತ 7: ಐಡ್ಲಿಂಗ್

ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಬಿಗಿಯದೆ ಒಂದೂವರೆ ಸುತ್ತು ಹಿಂದಕ್ಕೆ ಬಿಡಿ. ಬ್ಯಾಟರಿ ವೈರ್ ಮತ್ತೆ ಜೋಡಿಸಿ, ಸ್ಟಾರ್ಟ್ ಮಾಡಿ, ಎಂಜಿನ್ ಕಾಯಲಿ. ಎಂಜಿನ್ ಅತಿ ವೇಗವಾಗಿ, ನಯವಾಗಿ ಓಡುವ ಜಾಗ ಸಿಗುವವರೆಗೆ ಸ್ಕ್ರೂ ತಿರುಗಿಸಿ, ಆಮೇಲೆ ಥ್ರಾಟಲ್ ಸ್ಕ್ರೂನಿಂದ ವೇಗವನ್ನು ಸುಮಾರು 600 ಆರ್‌ಪಿಎಂಗೆ ಇಳಿಸಿ. ಬುಡದ ಸುತ್ತ ಎಂಜಿನ್ ಆಯಿಲ್‌ನ ನಾಲ್ಕು ಹನಿ ಬಿಡಿ. ಓಟದ ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಈ ಪರೀಕ್ಷೆಗೆ ಪೆಟ್ರೋಲ್ ಮಾತ್ರ ಬಳಸಬೇಡಿ.

ಹಂತ 8: ಹೊರೆ ಹಾಕಿ ಓಡಿಸಿ ಜೆಟ್ ನಿರ್ಧರಿಸುವುದು

ಎಥನಾಲ್ ಮಿಶ್ರಣವನ್ನು ತೆಳು ಮಾಡುತ್ತದೆ, ಎತ್ತರ ಅದನ್ನು ದಪ್ಪ ಮಾಡುತ್ತದೆ. ಕೊಳ್ಳೇಗಾಲವೇ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಬಿಳಿಗಿರಿರಂಗನ ಬೆಟ್ಟ ಅದರ ಇಮ್ಮಡಿಗೂ ಹೆಚ್ಚು. ಒಂದು ಇನ್ನೊಂದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುವುದರಿಂದ ಮೊದಲು ಹಳೆಯ ಜೆಟ್ಟಿನಲ್ಲೇ ಓಡಿಸಿ.

ಗಾಡಿಗೆ ಹೊರೆ ಹಾಕಿ ಹನೂರಿನಿಂದ ಕೌದಳ್ಳಿಯವರೆಗೆ ಹೋಗಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ, ಆರಿದ ಮೇಲೆ ಪ್ಲಗ್ ಬಿಚ್ಚಿ. ತಿಳಿ ಕಂದು ಬಣ್ಣವಿದ್ದರೆ ಜೆಟ್ ಮುಟ್ಟಬೇಡಿ. ಸುಣ್ಣದಂತೆ ಬೆಳ್ಳಗಿದ್ದು, ಏರಿನಲ್ಲಿ ಎಂಜಿನ್ ಕಾದು ಕಾರ್ಬೊರೇಟರಿನಿಂದ ಸಿಡಿಯುತ್ತಿದ್ದರೆ ಮಿಶ್ರಣ ತೆಳು: ಮೇನ್ ಜೆಟ್ 5 ನಂಬರ್ ಏರಿಸಿ. 120ರಿಂದ 125ಕ್ಕೆ ಹೋದರೆ ರಂಧ್ರದ ವಿಸ್ತಾರ ಸುಮಾರು ಶೇ. 8 ಹೆಚ್ಚುತ್ತದೆ, ಎಥನಾಲ್ ಕೇಳುವುದೂ ಹೆಚ್ಚುಕಡಿಮೆ ಅಷ್ಟೇ. ಮಸಿ ಹಿಡಿದಿದ್ದರೆ ಮೊದಲು ಫ್ಲೋಟ್ ಮಟ್ಟ, ಚೋಕ್ ನೋಡಿ, ಆಮೇಲೆ ಜೆಟ್ ಇಳಿಸಿ.

ಈ ಪರೀಕ್ಷೆಯನ್ನು ಬಿಳಿಗಿರಿರಂಗನ ಬೆಟ್ಟದ (ಬಿ.ಆರ್.ಟಿ.) ಹುಲಿ ಮೀಸಲು ಪ್ರದೇಶದ ರಸ್ತೆಯಲ್ಲೋ ಮಲೆ ಮಹದೇಶ್ವರ ವನ್ಯಧಾಮದ ರಸ್ತೆಯಲ್ಲೋ ಮಾಡಬೇಡಿ, ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಕೆಳಗೇ ಸರಿಮಾಡಿಕೊಂಡು ಘಾಟಿ ಹತ್ತಿ. ಕೊನೆಗೆ ಹೊಗೆ ತಪಾಸಣೆ ಮಾಡಿಸಿ. ಆ ಕಾಲದ ಪೆಟ್ರೋಲ್ ಗಾಡಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ಅದು ಮೀರಿದರೆ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ ತಿರುಗಿಸಿ ಇನ್ನೊಮ್ಮೆ ಅಳೆಸಿ, ಆ ಸುತ್ತಿನ ಲೆಕ್ಕವನ್ನೂ ಜೆಟ್ ನಂಬರನ್ನೂ ಮುಚ್ಚಳದ ಒಳಬದಿಗೆ ಪೇಂಟಿನಲ್ಲಿ ಬರೆದಿಡಿ.