ಊರಿಗೊಂದು ಮಳೆ, ಮಳೆಗೊಂದು ಅಣಬೆ

ಅವಳು ಕಡೂರು ಕಡೆಯ ಹುಡುಗಿ. ತರೀಕೆರೆ ತಾಲ್ಲೂಕಿನ ಕಾಡಂಚಿನ ಹಳ್ಳಿಗೆ ಸೊಸೆಯಾಗಿ ಬಂದಳು. ಅದು ಮಳೆಗಾಲ. ಸೌದೆಗೆ ಹೋದವಳು ಮಡಿಲು ತುಂಬ ಬಿಳಿ ಅಣಬೆ ಕಿತ್ತು ತಂದಳು.

"ಅತ್ತೆ, ನೋಡಿ! ರಾತ್ರಿಗೆ ಸಾರು ಮಾಡ್ಲಾ?"

"ಎಲ್ಲಿ ಸಿಕ್ತವ್ವ?"

"ಕಾಡಿನಾಗೆ, ಮರದ ಬುಡದಾಗೆ. ನಮ್ಮೂರಾಗೆ ಹುತ್ತದ ಹತ್ರ ಬರೋದೂ ಹಿಂಗೇ ಬೆಳ್ಳಗೆ ಇರ್ತದೆ."

"ಬ್ಯಾಡ ಕಣವ್ವ. ನಿಮ್ಮೂರ ಅಣಬೆ ನಿಂಗೆ ಗೊತ್ತು. ಈ ಕಾಡಿನದು ನಂಗೇ ಪೂರಾ ಗೊತ್ತಿಲ್ಲ. ಆಚೆ ಹಾಕು."

ಸೊಸೆಗೆ ಬೇಸರವಾಯಿತು. ಆದರೆ ಅತ್ತೆ ಹೇಳಿದ್ದು ಸರಿ. ಏಕೆ? ಬನ್ನಿ, ತಿಳಿಯೋಣ.

ಅಣಬೆ ಎಂದರೇನು?

ಅಣಬೆ ಗಿಡವಲ್ಲ. ಅದರಲ್ಲಿ ಹಸಿರಿಲ್ಲ. ಬಿಸಿಲಿನಿಂದ ಅದು ಆಹಾರ ಮಾಡಿಕೊಳ್ಳಲಾರದು. ಅದು ಶಿಲೀಂಧ್ರ ಎಂಬ ಬೇರೆ ಗುಂಪಿನ ಜೀವಿ. ಹಳಸಿದ ರೊಟ್ಟಿಯ ಮೇಲಿನ ಬೂಷ್ಟೂ ಇದೇ ಗುಂಪಿನದು. ನೆಲದೊಳಗೆ, ಕೊಳೆತ ಮರದೊಳಗೆ ಅದರ ನೂಲು ಹರಡಿರುತ್ತದೆ. ನಾವು ಕಾಣುವ ಕೊಡೆ ಅದರ ಕಾಯಿ ಇದ್ದಂತೆ. ಕೊಡೆಯಿಂದ ದೂಳಿನಂಥ ಕಣ ಉದುರುತ್ತದೆ. ಅದೇ ಅದರ ಬೀಜ. ಗಾಳಿ ಅದನ್ನು ದೂರ ಒಯ್ಯುತ್ತದೆ. ಆದರೆ ತೇವ ಮತ್ತು ಆಹಾರ ಸಿಕ್ಕ ಕಡೆ ಮಾತ್ರ ಅದು ಬೆಳೆಯುತ್ತದೆ.

ಎಲ್ಲಿ ಎಷ್ಟು ಮಳೆ?

ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಶೃಂಗೇರಿಯಲ್ಲಿ ವರ್ಷಕ್ಕೆ 300 ಸೆಂಟಿಮೀಟರಿಗೂ ಹೆಚ್ಚು ಮಳೆ. ಕಡೂರಿನಲ್ಲಿ ಸುಮಾರು 60 ಸೆಂಟಿಮೀಟರ್. ಮುಂಗಾರು ಮೋಡ ಪಡುವಣದಿಂದ ಬರುತ್ತದೆ. ಘಟ್ಟ, ಬಾಬಾಬುಡನ್‌ಗಿರಿ ಸಾಲು ಅದಕ್ಕೆ ಅಡ್ಡ ನಿಂತಿವೆ. ಮೋಡ ಅಲ್ಲೇ ಸುರಿದುಬಿಡುತ್ತದೆ. ಕಡೂರಿಗೆ ಉಳಿಯುವುದು ಸ್ವಲ್ಪ.

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಬೆಟ್ಟದ ಮೇಲಿದೆ. ಅಲ್ಲಿನ ಕಣಿವೆ ಕಾಡಿನಲ್ಲಿ ನೆಲ ತಿಂಗಳುಗಟ್ಟಲೆ ಒದ್ದೆ. ಇಂಥ ಮಳೆಕಾಡಿನಲ್ಲಿ ಶಿಲೀಂಧ್ರಗಳ ಬಗೆ ನೂರಾರು. ಬಿದ್ದ ಎಲೆಗೆ ಒಂದು, ಸತ್ತ ಕೊಂಬೆಗೆ ಇನ್ನೊಂದು. ಇವು ಕಸವನ್ನು ಕೊಳೆಸಿ ಗೊಬ್ಬರ ಮಾಡುತ್ತವೆ. ಕೆಲವು ಮರದ ಬೇರಿಗೆ ನೀರು, ಸಾರ ಒದಗಿಸುತ್ತವೆ. ಇವಿಲ್ಲದೆ ಕಾಡು ಬಾಳದು.

ಕಡೂರು, ಅಜ್ಜಂಪುರದ ಬಯಲಿನಲ್ಲಿ ನೆಲ ಬೇಗ ಒಣಗುತ್ತದೆ. ಅಲ್ಲಿ ಅಣಬೆಯ ಬಗೆ ಕಡಿಮೆ. ಮಳೆ ಬಿದ್ದ ಕೆಲವು ದಿನ ಹುಲ್ಲುಗಾವಲಿನಲ್ಲಿ, ಸಗಣಿಯ ಮೇಲೆ, ಹುತ್ತದ ಹತ್ತಿರ ಏಳುತ್ತವೆ. ಹುತ್ತದೊಳಗೆ ತೇವ ಉಳಿಯುತ್ತದೆ. ಗೆದ್ದಲು ಅಲ್ಲಿ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತದೆ. ನಾವು ರಾಗಿ ಬೆಳೆದಂತೆ! ಮಳೆ ಬಂದಾಗ ಅದೇ ಮೇಲೆದ್ದು ಅಣಬೆಯಾಗುತ್ತದೆ.

ಎಚ್ಚರ ಇರಲಿ

ಮಳೆ ಬದಲಾದರೆ ಅಣಬೆಯೂ ಬದಲಾಗುತ್ತದೆ. ತವರಿನ ಗುರುತು ಗಂಡನ ಊರಿನ ಕಾಡಿಗೆ ಸಾಲದು.

ಹುಳ ತಿಂದ ಅಣಬೆ ಒಳ್ಳೆಯದು ಅಂತಾರೆ. ಅರಿಶಿನ ಹಾಕಿದರೆ ವಿಷ ಹೋಗುತ್ತೆ ಅಂತಾರೆ. ಬೆಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ ಅಂತಾರೆ. ಯಾವುದನ್ನೂ ನಂಬಬೇಡಿ. ಕೆಲವು ಅಣಬೆಯ ವಿಷ ಕುದಿಸಿದರೂ ಹೋಗದು. ತಿಂದು 6 ರಿಂದ 12 ಗಂಟೆ ಕಳೆದ ಮೇಲೆ ವಾಂತಿ, ಭೇದಿ ಶುರುವಾಗಬಹುದು. ಆಮೇಲೆ ವಾಸಿಯಾದಂತೆ ಕಾಣಬಹುದು. ಆಗಲೂ ಒಳಗೆ ಲಿವರ್ ಕೆಡುತ್ತಿರುತ್ತದೆ. ಜೀವವೇ ಹೋಗಬಹುದು.

ಆದ್ದರಿಂದ ನೆನಪಿಡಿ:

1. ಖಚಿತವಾಗಿ ಗೊತ್ತಿಲ್ಲದ ಅಣಬೆ ತಿನ್ನಬೇಡಿ. ಮಕ್ಕಳಿಗೂ ಕೊಡಬೇಡಿ.
2. ಆಸೆಯಾದರೆ ಬೆಳೆಸಿದ ಅಣಬೆಯನ್ನು ಕೊಂಡು ತನ್ನಿ.
3. ಅಣಬೆ ತಿಂದು ಹೊಟ್ಟೆ ಕೆಟ್ಟರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಉಳಿದ ಅಣಬೆಯನ್ನೂ ಆಸ್ಪತ್ರೆಗೆ ಒಯ್ಯಿರಿ. ತಿಂದವರೆಲ್ಲರೂ ಹೋಗಿ.

ಸೊಸೆ ಅಣಬೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು. ಕೈ ತೊಳೆದಳು. ಆ ರಾತ್ರಿ ಹುರುಳಿ ಸಾರು ಮಾಡಿದಳು. ಮನೆಯವರೆಲ್ಲ ಉಂಡು ನೆಮ್ಮದಿಯಾಗಿ ಮಲಗಿದರು.

ಯೋಚಿಸಿ, ಹೇಳಿ

1. ಕಡೂರಿನಲ್ಲಿ ಮಳೆ ಏಕೆ ಕಡಿಮೆ?
2. ಗೆದ್ದಲು ಹುತ್ತದೊಳಗೆ ಏನು ಬೆಳೆಸುತ್ತದೆ?
3. ನಿಮ್ಮ ತವರಿನಲ್ಲಿ ಯಾವ ಅಣಬೆ ಏಳುತ್ತಿತ್ತು? ಈಗಿನ ಊರಿನಲ್ಲಿ ಯಾವುದು? ಎರಡು ಸಾಲು ಬರೆಯಿರಿ.