ಗೆರೆ ಎಳೆಯುವ ಮುನ್ನ

ನೋಡಮ್ಮ, ಕೆ.ಆರ್. ಪುರದ ಶಾಲೆಯ ಟಿಂಕರಿಂಗ್ ಲ್ಯಾಬಿನಲ್ಲಿ ಯಾವ ಮಗು ಯಾವ ಉಪಕರಣ ಹಿಡಿಯುತ್ತದೆ ಅನ್ನುವುದನ್ನು ಜಾಲದ ಚಿತ್ರ ಬಿಡಿಸಿ ನೋಡುತ್ತೇನೆ ಅಂದೆಯಲ್ಲ, ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದೀಯ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾಯಿತು, ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಆ ದುಡ್ಡಿನ ಸಾಮಾನು ಯಾರ ಕೈಗೆ ಸಿಗುತ್ತಿದೆ ಎಂದು ಯಾರಾದರೂ ಕೂತು ನೋಡಲೇಬೇಕಿತ್ತು.

ಲೆಕ್ಕದ ದಾರಿ ಹಳೆಯದು. ಅಮೆರಿಕದ ಡೇವಿಸ್ ಮತ್ತು ಗಾರ್ಡ್‌ನರ್ ದಂಪತಿ 1941ರ ಪುಸ್ತಕದಲ್ಲಿ 18 ಹೆಂಗಸರು 14 ಸಮಾರಂಭಗಳಲ್ಲಿ ಯಾವ್ಯಾವುದಕ್ಕೆ ಹೋಗಿದ್ದರು ಎಂಬ ಪಟ್ಟಿ ಕೊಟ್ಟರು. ಹೆಂಗಸರ ಜಾಗಕ್ಕೆ ಮಕ್ಕಳು, ಸಮಾರಂಭದ ಜಾಗಕ್ಕೆ ಉಪಕರಣ ಬಂದರೆ ಅದೇ ನಿನ್ನ ಪಟ್ಟಿ.

ಆದರೆ ಚಿತ್ರದಲ್ಲಿ ಮಗುವಿನ ಚುಕ್ಕಿಯಿಂದ ಉಪಕರಣದ ಚುಕ್ಕಿಗೆ ಗೆರೆ ಎಳೆಯುವ ಮುನ್ನ ಆ ಗೆರೆಗೆ ಏನರ್ಥ ಅಂತ ಬರೆದಿಟ್ಟುಕೋ. ಕಾರ್ಖಾನೆಯ ಟೂಲ್ ಸ್ಟೋರುಗಳಲ್ಲಿ ಕೆಲಸಗಾರ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಮೈಕ್ರೋಮೀಟರ್ ತಗೊಳ್ಳುತ್ತಿದ್ದ. ತಗೊಂಡವನು ಯಾರೆಂದು ಬಿಲ್ಲೆ ಹೇಳುತ್ತಿತ್ತು. ಬೆಂಚಿನ ಮೇಲೆ ಅದು ಎಷ್ಟು ಕೈ ದಾಟಿತು ಎಂಬುದಕ್ಕೆ ಎಲ್ಲೂ ಗುರುತಿರಲಿಲ್ಲ. ಶಾಲೆಯ ರಿಜಿಸ್ಟರೂ ಹಾಗೇ. 3ಡಿ ಪ್ರಿಂಟರಿಗೆ ಸಹಿ ಇರುತ್ತದೆ, ಇಕ್ಕಳಕ್ಕೂ ಕತ್ತರಿಗೂ ಇರುವುದಿಲ್ಲ. ಸಹಿ ಹಾಕಿ ಗುಂಡಿ ಒತ್ತಿದ ಹುಡುಗನಿಗೆ ಗೆರೆ ಬೀಳುತ್ತದೆ. ಪಕ್ಕದಲ್ಲಿ ನಿಂತು ಅಳತೆಯೆಲ್ಲ ಹೇಳಿಕೊಟ್ಟ ಹುಡುಗಿಗೆ ಬೀಳುವುದಿಲ್ಲ. ರಿಜಿಸ್ಟರನ್ನೇ ನಂಬಿ ಕೂತರೆ ಆ ಹುಡುಗಿಗೆ ಅನ್ಯಾಯ ಮಾಡಿದ ಹಾಗೆ. ಲ್ಯಾಬಿನ ಪೀರಿಯಡ್‌ಗಳಲ್ಲಿ ನೀನೇ ಕೂತು, ಹಿಡಿದವರು, ಹೇಳಿಕೊಟ್ಟವರು, ಬರೀ ನೋಡಿದವರು ಎಂದು ಬೇರೆ ಬೇರೆ ಖಾನೆಯಲ್ಲಿ ಬರಿ.

ಹಲಸೂರು ಮೆಟ್ರೊ ನಿಲ್ದಾಣದ ಕೆಳಗೆ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್‌ನವರು ನಡೆಸಿದಂಥ ಮೇಕರ್‌ಸ್ಪೇಸಿಗೆ ಜನ ತಮಗೆ ಬೇಕಾದ ಯಂತ್ರ ಹುಡುಕಿಕೊಂಡು ಹೋಗುತ್ತಾರೆ. ಶಾಲೆಯಲ್ಲಿ ಮೇಷ್ಟರು ಕೂರಿಸಿದ ಗುಂಪಿನಲ್ಲಿ ಮಗು ಕೂರುತ್ತದೆ. ಅಲ್ಲಿನ ಗೆರೆ ಆಸೆಯದು, ಇಲ್ಲಿನದು ಅನೇಕ ಸಲ ಅಪ್ಪಣೆಯದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಒಂದೇ ಉಪಕರಣ ಬಳಸಿದ ಮಕ್ಕಳನ್ನು ಪರಸ್ಪರ ಜೋಡಿಸುವಾಗಲೂ ಹುಷಾರು. 40 ಮಕ್ಕಳೂ ಸ್ಕ್ರೂಡ್ರೈವರ್ ಮುಟ್ಟಿದ್ದರೆ ಅದೊಂದರಿಂದಲೇ 780 ಜೋಡಿ ಹುಟ್ಟುತ್ತವೆ. ಅವರಲ್ಲಿ ಒಬ್ಬರಿಗೊಬ್ಬರು ಮಾತೇ ಆಡದವರಿರಬಹುದು. ಎಲ್ಲರೂ ಬಳಸುವ ಸಾಮಾನಿಗೆ ತೂಕ ಕಡಿಮೆ ಕೊಡು.

ಲಿಂಟನ್ ಫ್ರೀಮನ್ 1977ರಲ್ಲಿ ಕೊಟ್ಟ ಅಳತೆಯೊಂದಿದೆ: ಉಳಿದವರ ನಡುವಿನ ಹತ್ತಿರದ ದಾರಿಗಳು ಯಾರ ಮೂಲಕ ಹಾಯುತ್ತವೆ ಅನ್ನುವುದು. ಅದನ್ನು ಹಾಕಿದರೆ ರೋಬೋ ಮಾಡುವವರನ್ನೂ ಮರದ ಕೆಲಸದವರನ್ನೂ ಸೋಲ್ಡರಿಂಗ್ ಐರನ್ ಬೆಸೆಯುತ್ತಿದೆ ಎಂದು ಕಾಣಬಹುದು. ಆಗ ಅಂಥ ಐರನ್ ಎಷ್ಟಿವೆ ಅಂತಲೂ ಎಣಿಸು. ಒಂದೇ ಇದ್ದರೆ ಅಲ್ಲಿ ಕಾಣುತ್ತಿರುವುದು ಸರದಿಯ ಸಾಲೂ ಆಗಿರಬಹುದು.

ಗೆರೆಯೇ ಇಲ್ಲದ ಚುಕ್ಕಿಗಳು ಉಳಿದರೆ ಚಿತ್ರ ಚೆಂದ ಕಾಣಲಿ ಅಂತ ಅಳಿಸಬೇಡಮ್ಮ. ನನ್ನನ್ನು ಕೇಳಿದರೆ ಅಧ್ಯಯನದ ತಿರುಳೇ ಅಲ್ಲಿದೆ. ಆ ಮಗುವಿಗೆ ಬಿಸಿ ಕಡ್ಡಿಯ ಹೆದರಿಕೆಯೋ, ಬಸ್ಸಿಗೆ ಹೊತ್ತಾಯಿತೋ, ಗುಂಪಿನವರು ಕೊಡಲಿಲ್ಲವೋ, ಒಂದೊಂದನ್ನೂ ಮೆತ್ತಗೆ ಕೇಳಿ ತಿಳಿದುಕೋ. ವರದಿಯಲ್ಲಿ ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಬರೆದದ್ದನ್ನು ಕಾಲೇಜಿಗೆ ಕೊಡುವ ಮುಂಚೆ ಲ್ಯಾಬಿನ ಮೇಷ್ಟರಿಗೆ ಓದಿಸು. ಮುಂದಿನ ವಾರ ಗುಂಪು ಬದಲಿಸಬೇಕಾದವರು ಅವರೇ.